ಮೂರೂ ಕೆಂಪು

ಪಕ್ಕದ ಮನೆಯ ಅಂಕಲ್ ಮೂಗಿನ ಮೇಲೆ ಸದಾ ಎರಡು ಕನ್ನಡಕ, ಒಂದರ ಮೇಲೊಂದು. ಮೇಲಿನದಕ್ಕೆ ಒಂದು ಕಡೆ ಕಡ್ಡಿಯೇ ಇರಲಿಲ್ಲ. ಹೂ ಕಟ್ಟುವ ದಾರದಿಂದ ಆಂಟಿ ಅದನ್ನು ಕಿವಿಗೆ ಬಿಗಿದಿದ್ದರು. ಅಂಕಲ್ ಭೂತಗನ್ನಡಿಯ ದೀಪವನ್ನು ಎಳೆದುಕೊಂಡು, ಹಣೆ ಮೇಜಿಗೆ ತಾಗುವಷ್ಟು ಬಗ್ಗಿ ಬೆಸುಗೆ ಹಾಕುತ್ತಿದ್ದರು. ಹೊಗೆಯೆಲ್ಲ ಅವರ ಮೂಗಿಗೇ.

ಈ ಪರದೇಶದಲ್ಲಿ, ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆ ಅವರದು. ಧಾರವಾಡದ ಕಡೆಯವರು, ಇಂಜಿನಿಯರಾಗಿ ರಿಟೈರ್ ಆದವರು. ನನಗೆ ಅವರು ಅಂಕಲ್, ಅವರಿಗೆ ನಾನು ತಂಗಿ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಿತ್ತು. ದೃಷ್ಟಿ ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿದ ವಾರವೇ ಅವರು ಶಾರ್ಟ್‌ವೇವ್ ರೇಡಿಯೋ ಕಿಟ್ ಒಂದನ್ನು, ಬಿಡಿಭಾಗ ಬೆಸೆದು ನಾವೇ ಮಾಡಿಕೊಳ್ಳುವಂಥದ್ದನ್ನು, ತರಿಸಿದರು.

"ಕಣ್ಣು ಪೂರಾ ಹೋಗೂದ್ರೊಳಗ ನನ್ನ ಕೈಯಿಂದ ಒಂದು ಸೆಟ್ ಮಾತಾಡಬೇಕು ನೋಡು ತಂಗಿ. ಬೆಸುಗಿ ಹಾಕೂ ಚುಕ್ಕಿ ಕಾಣ್ತಾವ, ಬಣ್ಣ ಕಾಣೂದಿಲ್ಲ. ಬಣ್ಣ ನೀ ಹೇಳು, ಉಳಿದದ್ದು ನಾ ಮಾಡ್ತೀನಿ."

ಅದನ್ನು ಕೇಳಿ ನಾನು ಹಿಗ್ಗಿದೆ. ಔಷಧಿ ಕಂಪನಿಯ ಲ್ಯಾಬಿನಲ್ಲಿ ಗುಳಿಗೆಗಳ ಬಣ್ಣ ನೋಡಿ ಪಾಸು ಮಾಡುವುದೇ ನನ್ನ ಹೊಟ್ಟೆಪಾಡು. ಬಣ್ಣದ ವಿಷಯದಲ್ಲಿ ನನಗೆ ಹೇಳಿಕೊಡುವವರು ಯಾರಿದ್ದಾರೆ!

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂರುತ್ತಿದ್ದೆವು. ರೆಸಿಸ್ಟರ್ ಎಂದರೆ ಅಕ್ಕಿಕಾಳಿಗಿಂತ ತುಸು ದಪ್ಪದ ತುಣುಕು. ಅದು ಕರೆಂಟನ್ನು ಎಷ್ಟು ತಡೆಯುತ್ತದೆಂದು ಮೈಮೇಲಿನ ಬಣ್ಣದ ಪಟ್ಟಿಗಳು ಹೇಳುತ್ತವೆ, ಅದೇ ಅದರ ಬೆಲೆ. ಅವನ್ನೆಲ್ಲ ವಿಂಗಡಿಸಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಟ್ಟಿದ್ದೆ. "ಇಬ್ಬರೂ ಕೂಡಿ ನನ್ನ ಇಡ್ಲಿ ತಟ್ಟಿ ಗುಜರಿ ಅಂಗಡಿ ಮಾಡೀರಿ," ಎಂದು ಆಂಟಿ ಗೊಣಗುತ್ತಲೇ ಚಹಾ ತರುತ್ತಿದ್ದರು.

ಆ ಮೇಜಿನ ಮೇಲೆ ಕನ್ನಡವೇ ನಡೆಯಬೇಕೆಂಬುದು ಅಂಕಲ್ ಕಟ್ಟಳೆ. ನಾನು "ಹಳದಿ, ನೇರಳೆ, ಕೆಂಪು" ಎಂದರೆ ಅವರು ಮಂತ್ರದ ಹಾಗೆ ಬೆಲೆ ಹೇಳಿ, ಬೋರ್ಡಿನಲ್ಲಿ ಅದು ಎಲ್ಲಿ ಕೂರಬೇಕೆಂದೂ ಹೇಳುತ್ತಿದ್ದರು. ಕಂದು ಮಾತ್ರ ನನ್ನ ನಾಲಿಗೆಗೆ ಬರುತ್ತಿರಲಿಲ್ಲ. ತುಮಕೂರಿನ ಕಡೆ ನಮ್ಮ ಮನೆಯಲ್ಲಿ ಹಸುವೂ ಕೆಂಪು, ಮಣ್ಣೂ ಕೆಂಪು. ಅಂಕಲ್ ನಗುತ್ತಿದ್ದರು. "ನಮ್ಮಲ್ಲೂ ಹಂಗ. ಆದರ ರೇಡಿಯೋಕ್ಕ ಆಕಳಾ ಗೊತ್ತಿಲ್ಲ ನೋಡವಾ. ನಿಗಾ ಇರಲಿ."

ಸೆಟ್ ಮುಗಿಯುವ ಮೊದಲೇ ನಾನು ಹಿತ್ತಲಿನ ಮೇಪಲ್ ಮರಕ್ಕೆ ಆಂಟೆನಾ ತಂತಿ ಕಟ್ಟಿದೆ. "ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ," ಎಂದರು ಅಂಕಲ್. ಅದನ್ನು ಬಟ್ಟೆ ಹಗ್ಗವೆಂದುಕೊಂಡ ಬಡಾವಣೆಯ ಅಸೋಸಿಯೇಷನ್‌ನವರಿಂದ, ಬಟ್ಟೆ ಒಣಹಾಕಬಾರದೆಂದು ನೋಟಿಸ್ ಬಂತು. ನನ್ನ ಮಗಳು, "ವೈ ಡೋಂಟ್ ಯು ಜಸ್ಟ್ ಸ್ಟ್ರೀಮ್ ಇಟ್, ಅಂಕಲ್?" ಎಂದಳು. "ಅದು ಅವರು ಕೊಟ್ಟದ್ದು ಕೇಳೂದು ಪುಟ್ಟಿ. ಇದು ನಾವು ಹೋಗಿ ಹಿಡಕೊಂಡು ಬರೂದು."

ಜೋಡಣೆಯ ಕೊನೆಯ ಭಾನುವಾರ "ಮೂರೂ ಕೆಂಪು" ಎಂದು ಒಂದನ್ನು ಕೊಟ್ಟೆ. ಅವರು ಕೂರಿಸಿದರು. ಆಮೇಲೆ ಒಂದೇ ಜಾಗ, ಒಂದೇ ರೆಸಿಸ್ಟರ್ ಉಳಿಯಿತು. ಇನ್ನೇನು ನೋಡುವುದೆಂದು ಅದನ್ನೂ ಅವರ ಕೈಗಿಟ್ಟೆ.

ಬ್ಯಾಟರಿ ಹಾಕಿದರೆ ಬರೀ ಗೊರಗೊರ. ಎಷ್ಟು ತಿರುಗಿಸಿದರೂ ಅದೇ. ಮುಂದಿನ ಮೂರು ಭಾನುವಾರ ಅಂಕಲ್ ಒಂದೊಂದೇ ಬೆಸುಗೆಯನ್ನು ಮತ್ತೆ ಕಾಯಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಬಣ್ಣ ಎಲ್ಲಾ ಬರೋಬ್ಬರಿ ನೋಡೀದಿ ಅಲ್ಲಾ ತಂಗಿ? ಒಮ್ಮೆ ರೆಸಿಸ್ಟರಿಗೆ ಮೀಟರ್ ಹಚ್ಚಿ ಅಳದು ನೋಡೋಣೇನು?"

ನನಗೆ ಎಲ್ಲಿತ್ತೋ ಆ ಸಿಟ್ಟು. "ದಿನಾ ಇದೇ ಕೆಲಸ ಮಾಡೋಳು ಅಂಕಲ್ ನಾನು! ಬಣ್ಣ ತಪ್ಪಿದ್ರೆ ನನ್ನನ್ನ ಕೆಲಸದಲ್ಲಿ ಇಟ್ಕೋತಿದ್ರಾ?"

"ಹಂಗಲ್ಲವಾ," ಎಂದು ಅವರು ಬೆಸುಗೆ ಕಡ್ಡಿಯ ಪ್ಲಗ್ ಕಿತ್ತರು. ಆಮೇಲೆ, "ಹಂಗಾರ ನನ್ನ ಕೈನ ಹೋದ್ವು," ಎಂದರು. ಕಾವಿಳಿದ ಬೆಸುಗೆ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಆಂಟಿಗೆ ಕೊಟ್ಟರು. ಅದನ್ನು ಮತ್ತೆ ಕೇಳಲಿಲ್ಲ. ಚಳಿಗಾಲದ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ಹಿಮ ಕರಗುವ ಮೊದಲೇ, ಒಂದು ಬೆಳಗ್ಗೆ ಚಹಾ ಕುಡಿಯುತ್ತಾ ಕೂತವರು ಹಾಗೇ ಹೋಗಿಬಿಟ್ಟರು.

ಹದಿಮೂರನೇ ದಿನ ಮುಗಿದ ಮೇಲೆ ಆಂಟಿ ಆ ಸೆಟ್ಟನ್ನೂ ಬೆಸುಗೆ ಕಡ್ಡಿಯನ್ನೂ ನನಗೆ ಕೊಟ್ಟರು. ಸೆಟ್ಟನ್ನು ಲ್ಯಾಬಿಗೆ ಒಯ್ದು, ಊಟದ ಬಿಡುವಿನಲ್ಲಿ ಗುಳಿಗೆಗಳ ನಿಜ ಬಣ್ಣ ನೋಡುವ ದೀಪದಡಿ ಹಿಡಿದೆ. ಅಂಕಲ್ ಹಾಕಿದ ಬೆಸುಗೆ ಒಂದೊಂದೂ ಸಾಸಿವೆ ಕಾಳಿನಷ್ಟು ನುಣುಪು. ನಾನು ಮೂರೂ ಕೆಂಪು ಎಂದದ್ದರ ಕೊನೆಯ ಪಟ್ಟಿ ಕಂದು. ನೋಡದೆ ಕೊಟ್ಟದ್ದೇ ನಿಜವಾದ ಮೂರೂ ಕೆಂಪು. ಒಂದರ ಜಾಗದಲ್ಲಿ ಇನ್ನೊಂದು ಕೂತಿತ್ತು. ಅಯ್ಯೋ ಪಾಪಿ, ಎಂದು ನನಗೆ ನಾನೇ ಬೈದುಕೊಂಡೆ. ಮೀಟರ್ ಹಚ್ಚಲು ಬಿಟ್ಟಿದ್ದರೆ ಎರಡು ನಿಮಿಷದ ಕೆಲಸ.

ಸಂಜೆ ಮನೆಯಲ್ಲಿ ಎರಡನ್ನೂ ಕಿತ್ತು ಅದಲು ಬದಲು ಮಾಡಿದೆ. ತಂತಿ ಸಿಕ್ಕಿಸಿ ತಿರುಗಿಸಿದರೆ, ಯಾವುದೋ ದೇಶದ ಹೆಂಗಸೊಬ್ಬಳು ಸ್ಪ್ಯಾನಿಷ್‌ನಲ್ಲಿ ಏನನ್ನೋ ಓದುತ್ತಿದ್ದಳು, ಪಕ್ಕದಲ್ಲೇ ಕೂತ ಹಾಗೆ. ನಾನು ಗೊಳೋ ಎಂದು ಅತ್ತೆ.

ಹೇಳದೆ ಇರಲಾಗಲಿಲ್ಲ. ಪಕ್ಕದ ಮನೆಗೆ ಹೋದೆ. ಆಂಟಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಅಂಕಲ್ ಕೈ ತಪ್ಪಿರಲಿಲ್ಲ ಆಂಟಿ. ಬಣ್ಣ ತಪ್ಪು ಹೇಳಿದ್ದು ನಾನು. ಕೇಳಿದಾಗ ಅವರ ಮೇಲೇ ರೇಗಿದೆ."

ಅವರು ಸೊಪ್ಪಿನಿಂದ ಕೈ ತೆಗೆಯಲಿಲ್ಲ. ಬಿಡಿಸುತ್ತಲೇ ಹೇಳಿದರು:

"ಇದನ್ನ ಅವರಿಗೆ ಹೇಳಬೇಕಿತ್ತವಾ. ಕಡೀ ದಿನದ ತನಕ ಎರಡೂ ಕೈ ಮುಖದ ಹತ್ರ ಹಿಡಕೊಂಡು ನೋಡ್ಕೋತ ಕೂಡ್ತಿದ್ರು. ಏನೂ ಕಾಣ್ತಿದ್ದಿಲ್ಲ. ಆದ್ರೂ ನೋಡ್ತಿದ್ರು."