ಸುಟ್ಟ ಮಾತು, ಉಳಿದ ಮುಖ

ಪಶ್ಚಿಮ ಆಫ್ರಿಕಾದ ಬಿಸ್ಸಾವಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎರ್ಮೆಲಿಂದು ನಾ ಬಾಂಗ್ನಾ ಫಿಲ್ಮಿನ ಡಬ್ಬಿ ತೆರೆಯುತ್ತಾರೆ. ಕೊಳೆಯುತ್ತಿರುವ ಫಿಲ್ಮಿನ ಹುಳಿ ವಾಸನೆ ಕೋಣೆ ತುಂಬುತ್ತದೆ. ಬಿಸಿಲೇರಿದರೆ ಸುರುಳಿ ಅಂಟಿಕೊಳ್ಳುತ್ತದೆ, ಹಾಗಾಗಿ ಕೆಲಸವೆಲ್ಲ ಈ ತಂಪಿನಲ್ಲೇ. ಸುರುಳಿಯನ್ನು ಯಂತ್ರಕ್ಕೆ ಹಾಕಿ ಹಿಡಿಕೆ ತಿರುಗಿಸಿದರೆ ಪುಟ್ಟ ಪರದೆಯ ಮೇಲೆ ಮುಖವೊಂದು ಮೂಡುತ್ತದೆ. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ.

ಪಕ್ಕದಲ್ಲಿ ಕೂತ ಎಂಬತ್ತಮೂರರ ಸೆಗುಂದಾ ಕಣ್ಣು ಕಿರಿದಾಗಿಸಿ ಆ ತುಟಿಗಳನ್ನು ಓದುತ್ತಾರೆ. "ಇವ್ನು ನಮ್ಮ ಬಿದಾಂ. 'ಭತ್ತ ಕೊಡಲ್ಲ ಅಂದ್ವಿ, ಅದಕ್ಕೇ ಹೊಡೆದ್ರು' ಅಂತಿದಾನೆ. ಬಾಯ್ತುಂಬ ಅನ್ನ ಇಟ್ಕೊಂಡೋನ ಥರ ಮಾತಾಡ್ತಿದ್ದ, ಮುಂಡೇದು."

ಎರ್ಮೆಲಿಂದು ಬರೆದುಕೊಳ್ಳುತ್ತಾರೆ.

ಪತ್ರಕರ್ತ ಎರ್ಮೆಲಿಂದುಗೆ ಈಗ ಎಪ್ಪತ್ತೊಂದು. ಪೋರ್ಚುಗೀಸರು ಹೋಗಿ ಇಲ್ಲಿಯವರದೇ ಸರ್ಕಾರ ಬಂದ ಹತ್ತನೇ ವರ್ಷ, ಫಾಂಜಾ ಹಳ್ಳಿಯ ಗದ್ದೆಬದುವಿನಲ್ಲಿ ಸೈನಿಕರು ಹದಿನಾಲ್ಕು ಜನರನ್ನು ಗುಂಡಿಟ್ಟು ಕೊಂದರು. ಕಣ್ಣಾರೆ ಕಂಡ ಇಪ್ಪತ್ತೇಳು ಮಂದಿ ಇವರ ಕ್ಯಾಮೆರಾ ಮುಂದೆ ಬಾಯಿಬಿಟ್ಟರು. ಆಗ ಚಿತ್ರಕ್ಕೊಂದು ಸುರುಳಿ, ಧ್ವನಿಗೆ ಬೇರೊಂದು. ಪೊಲೀಸರು ಬರುತ್ತಾರೆಂದು ತಿಳಿದ ದಿನ ಇವರೇ ಧ್ವನಿಯ ಸುರುಳಿಗಳನ್ನೆಲ್ಲ ಒಲೆಗೆ ಹಾಕಿದರು. "ಮಾತಿಲ್ದಿದ್ರೆ ಅವ್ರ ತಲೆ ಉಳಿಯುತ್ತೆ ಅಂದ್ಕೊಂಡೆ. ಆಮೇಲೆ ಹೋಗಿ ಮತ್ತೆ ಕೇಳಿದ್ರಾಯ್ತು ಅಂತಿದ್ದೆ."

ಆರು ವರ್ಷ ಜೈಲಾಯಿತು. ಹೊರಬಂದಾಗ ಫಾಂಜಾ ಬಾಯಿಗೆ ಬೀಗ ಹಾಕಿಕೊಂಡಿತ್ತು. ಆ ಇಪ್ಪತ್ತೇಳರಲ್ಲಿ ಇವತ್ತು ಬದುಕಿರುವವರು ಸೆಗುಂದಾ ಒಬ್ಬರೇ. ನಲವತ್ತಮೂರು ಡಬ್ಬಿಗಳಲ್ಲಿ ಹನ್ನೊಂದು ಉಳಿದಿವೆ. ದಿನಕ್ಕೆ ಎರಡು ನಿಮಿಷದ ಫಿಲ್ಮು ಹರಿಯದೆ ಓಡಿದರೆ ದೊಡ್ಡದು.

"ಪ್ರಶಸ್ತಿ ಗಿಶಸ್ತಿ ಯಾರಿಗೆ ಬೇಕು? ಗುಂಡು ಹಾರ್ಸಿ ಅಂದ ಅಧಿಕಾರಿ ಯಾರು? ಅವನ ಹೆಸರೊಂದು ಸಿಗ್ಲಿ ಸಾಕು," ಎನ್ನುತ್ತಾರೆ ಎರ್ಮೆಲಿಂದು. ಆ ಹೆಸರನ್ನು ಬದುವಿನ ಹಿಂದೆ ಅಡಗಿದ್ದ ಒಬ್ಬಳೇ ಒಬ್ಬಳು ಕೇಳಿಸಿಕೊಂಡಿದ್ದಳು.

ಮುಂದಿನ ಸುರುಳಿಯಲ್ಲಿ ಅವಳೇ ಇದ್ದಾಳೆ, ನಲವತ್ತೆರಡರ ಸೆಗುಂದಾ. ತುಟಿ ಒಂದೇ ಸಮನೆ ಅಲ್ಲಾಡುತ್ತಿದೆ. ಅಷ್ಟರಲ್ಲಿ ಫಿಲ್ಮಿನ ಕಲೆ ಹಬ್ಬಿ ಬಾಯಿ ಮುಚ್ಚಿಹೋಗುತ್ತದೆ. ಎರ್ಮೆಲಿಂದು ಮೂರು ಸಲ ಹಿಂದಕ್ಕೆ ತಿರುಗಿಸುತ್ತಾರೆ.

"ಹೆಸರೇನಕ್ಕಾ?"

"ಯಾರ ಮುಂದೂ ಹೇಳ್ಬಾರ್ದು, ಹೇಳ್ಬಾರ್ದು ಅಂತ ಇಷ್ಟು ವರ್ಷ ನುಂಗ್ಕೊಂಡೇ ಬಂದೆ. ಈಗ ಹುಡುಕಿದ್ರೆ ಇಲ್ಲ ಕಣಪ್ಪಾ," ಸೆಗುಂದಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. "ಹೇಳಿದ್ದು ನಿನ್ನೊಬ್ಬನ ಹತ್ರಾನೇ. ಎದುರಿಗೆ ನಿಂತು ಕೇಳಿಸ್ಕೊಂಡ್ಯಲ್ಲ, ನೀನೇ ಹೇಳೋ."

ಹಿಡಿಕೆಯ ಮೇಲಿನ ಕೈ ನಿಲ್ಲುತ್ತದೆ.

"ಆವತ್ತು ಮೋಡ ಕವಿದಿತ್ತಕ್ಕಾ. ಮಾತು ಹೇಗೂ ಸುರುಳೀಲಿರುತ್ತಲ್ಲ ಅಂತ ನಾನು ಬೆಳಕು ನೋಡ್ಕೊಳ್ತಿದ್ದೆ."