ಕೆಂಪು ಚುಕ್ಕೆಯ ಪಾಠ

ನಮ್ಮದು ಪುರಾಣ ಹೇಳುವ ಮನೆತನ. ಅಜ್ಜ ಬೈಲಹೊಂಗಲದ ಗುಡಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ, ನಾನು ಮೊಬೈಲಿನ ಆ್ಯಪೊಂದರೊಳಗೆ ಕೂತು ಹೇಳುತ್ತೇನೆ, ಇಷ್ಟೇ ವ್ಯತ್ಯಾಸ. ಹೊಲದ ಪಂಪಿನ ಮೋಟಾರನ್ನು ಮನೆಯಿಂದಲೇ ಚಾಲೂ ಮಾಡುವ, ಬಂದ್ ಮಾಡುವ ಆ್ಯಪ್ ಅದು. ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಬೀಟಾ ಆವೃತ್ತಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಕೆಲವು ರೈತರ ಮನೆಗಳಿಗೆ ಮಾತ್ರ ಕಂಪನಿಯವರು ಕೊಟ್ಟಿದ್ದರು. ಅದನ್ನು ಬಳಸುವುದು ಹೇಗೆಂದು ಕಲಿಸುವ ಸಣ್ಣ ವಿಡಿಯೊ ಪಾಠಗಳನ್ನು ಬರೆದು ನನ್ನದೇ ದನಿಯಲ್ಲಿ ಹೇಳುವುದು, ಆಮೇಲೆ ಮನೆಮನೆಗೆ ಹೋಗಿ ಎಲ್ಲಿ ತೊಡಕಾಯಿತೆಂದು ಕೇಳಿ ಪಾಠ ತಿದ್ದುವುದು ನನ್ನ ಕೆಲಸ.

ತಿದ್ದಬೇಕೆಂದರೆ ಯಾರಾದರೂ ತಪ್ಪು ಹೇಳಬೇಕಲ್ಲ! ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಮ್ಮ ಕಡೆಯವರು ಉಣ್ಣಲು ಬಂದವರ ಹುಳುಕನ್ನೂ ಎಣಿಸುವುದಿಲ್ಲ. ಹೋದಲ್ಲೆಲ್ಲ ಚಹಾ, ಅವಲಕ್ಕಿ, ಬೇಡವೆಂದರೂ ರೊಟ್ಟಿ, ಮತ್ತು ಒಂದೇ ಉತ್ತರ: "ಭಾಳ ಚಲೋ ಐತ್ರಿ ಅಕ್ಕಾರ." ನನ್ನ ಹೊಟ್ಟೆ ತುಂಬುತ್ತಿತ್ತು, ವರದಿ ಖಾಲಿ ಉಳಿಯುತ್ತಿತ್ತು. ಸಿಟ್ಟು ಬರುತ್ತಿತ್ತು. ಜೊತೆಗೆ, ಸುಳ್ಳೇಕೆ ಹೇಳಲಿ, ಒಳಗೊಳಗೆ ಉಬ್ಬುತ್ತಲೂ ಇದ್ದೆ.

ಆ ದಿನ ಸಂಪಗಾಂವಕ್ಕೆ ಹೋಗಿದ್ದೆ. ಹೊಲದ ಅಂಚಿನಲ್ಲೇ ಮನೆ. ಮನೆಯಾಕೆ ಒಬ್ಬಳೇ ಇದ್ದಳು, ನನಗಿಂತ ತುಸು ದೊಡ್ಡವಳು. "ನಿಮ್ಮ ಪಾಠ ನನಗ ಬಾಯಿಪಾಠ ಆಗೇತ್ರಿ" ಎಂದು ನನ್ನ ದನಿಯನ್ನೇ ಅಣಕಿಸಿ ತೋರಿಸಿದಳು: "ಫೋನಿನ ಚುಕ್ಕೆ ಕೆಂಪಗಿದ್ದರೆ ಮೋಟಾರ್ ಬಂದ್ ಆಗಿದೆ. ನೀವು ನಿಶ್ಚಿಂತೆಯಿಂದಿರಿ." ಇಬ್ಬರೂ ನಕ್ಕೆವು. ಆ ಕೊನೆಯ ಮಾತು ನಾನೇ ಸೇರಿಸಿದ್ದು, ನನಗೆ ಅದರ ಮೇಲೆ ಬಹಳ ಪ್ರೀತಿ.

"ಯಜಮಾನರು ಎಲ್ಲಿ ಅದಾರ್ರಿ?" ಎಂದೆ.

"ಬಾವ್ಯಾಗ ಇಳದಾರ್ರಿ. ಮೋಟಾರ್ ಜಾಮ್ ಆಗೇತಿ, ಕೈಲೆ ತಿರಿವಿ ಸಡ್ಲ ಮಾಡಾಕ ಹತ್ಯಾರ. ಮೊದಲ ಆಗಿದ್ರ ಫ್ಯೂಸ್ ತಗದ ಇಳೀತಿದ್ರು. ಈಗ ಫೋನ್ಯಾಗ ಕೆಂಪ ಐತಲ್ರಿ, ನಿಶ್ಚಿಂತಿ."

ಒಳ್ಳೆಯ ಮಾತು ಸಿಕ್ಕಿತೆಂದು ಖುಷಿಪಡುವಷ್ಟರಲ್ಲಿ ಪಂಪಿನ ಕೋಣೆ ನೆನಪಾಯಿತು. "ಹಳೇ ಆಟೋ ಪೆಟಗಿ ತಗಸೀರೇನ್ರಿ?" ಎಂದು ಕೇಳಿದೆ.

ನಮ್ಮ ಭಾಗದಲ್ಲಿ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ, ಯಾವಾಗ ಹೋಗುತ್ತದೋ ಹೇಳಲಾಗದು. ಅದಕ್ಕೇ ಪಂಪಿನ ಕೋಣೆಯಲ್ಲಿ ಒಂದು ಆಟೋ ಪೆಟ್ಟಿಗೆ ಇಟ್ಟಿರುತ್ತಾರೆ. ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಮೋಟಾರ್ ಚಾಲೂ ಮಾಡುತ್ತದೆ. ಆ್ಯಪಿನ ಹೊಸ ಪೆಟ್ಟಿಗೆ ಕೂಡಿಸುವಾಗ ಹಳೆಯದನ್ನು ತೆಗೆಯಬೇಕು.

"ತಗಸೂದ್ಯಾಕ್ರಿ? ಹೊಸಾದು ಕೈ ಕೊಟ್ರ ಹಳೇದ ಇರಲಿ ಅಂತ ಎರಡೂ ಇಟ್ಟೇವ್ರಿ."

ಹೊಸದು ಬಂದರೂ ಹಳೆಯದನ್ನು ಬಿಸಾಡದ ಮಂದಿ ನಾವು. ನನ್ನ ಅಡುಗೆಮನೆಯಲ್ಲೂ ಮಿಕ್ಸರಿನ ಪಕ್ಕದಲ್ಲೇ ಒಳಕಲ್ಲು ಇದೆ. ಇಷ್ಟು ಗೊತ್ತಿದ್ದೂ ಪಾಠದಲ್ಲಿ ಆ ಪೆಟ್ಟಿಗೆಯ ಮಾತೇ ಇರಲಿಲ್ಲ. ಫೋನಿಗೆ ಗೊತ್ತಿದ್ದದ್ದು ಹೊಸ ಪೆಟ್ಟಿಗೆಯ ಸುದ್ದಿ ಮಾತ್ರ. ಕರೆಂಟು ಬಂದರೆ ಹಳೆಯದು ಯಾರನ್ನೂ ಕೇಳದೆ ಮೋಟಾರ್ ತಿರುಗಿಸುತ್ತಿತ್ತು, ಆ ಮನುಷ್ಯನ ಕೈ ಅದರ ಮೇಲಿತ್ತು.

"ಕರೆಂಟ್ ಬಂದ್ರ ಮೋಟಾರ್ ತಾನ ಚಾಲೂ ಆಗತೈತ್ರಿ! ಫೋನ್ಯಾಗ ಕೆಂಪ ಇದ್ರೂ ಆಗತೈತಿ!"

ಅವಳಿಗೆ ಅರ್ಥವಾಗುವಷ್ಟರಲ್ಲಿ ಪಕ್ಕದ ಹೊಲದ ಪಂಪು ಗುರ್ ಎಂದು ಚಾಲೂ ಆಯಿತು. ಕರೆಂಟು ಬಂದಿತ್ತು.

ಬರಿಗಾಲಲ್ಲಿ ಓಡಿದೆವು. ಕಬ್ಬಿನ ಸಾಲುಗಳ ನಡುವೆ ಅವಳು ಮುಂದೆ, ನಾನು ಹಿಂದೆ. "ನಮ್ಮ ಪೆಟಗಿ ಜರಾ ತಡಾ ಮಾಡತೈತಿ, ಜರಾ ತಡಾ ಮಾಡತೈತಿ" ಎಂದು ಅವಳು ಓಡುತ್ತಲೇ ಜಪಿಸುತ್ತಿದ್ದಳು. ಎಷ್ಟು ತಡ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಎರೆ ಮಣ್ಣಿನಲ್ಲಿ ಒಮ್ಮೆ ಮುಗ್ಗರಿಸಿ ಬಿದ್ದು ಎದ್ದೆ. ಅವಳು ಪಂಪಿನ ಕೋಣೆಯತ್ತ ತಿರುಗಿದಳು, ನಾನು ಬಾವಿಯತ್ತ.

ಬಗ್ಗಿ ನೋಡಿದರೆ, ನೀರಿಗಿಂತ ತುಸು ಮೇಲೆ ಕಲ್ಲುಕಟ್ಟೆಯ ಮೇಲೆ ಅವನು ಕುಕ್ಕರಗಾಲಲ್ಲಿ ಕೂತಿದ್ದ, ಎರಡೂ ಕೈ ಮೋಟಾರಿನ ಗಾಲಿಯ ಮೇಲೆ. "ಕೈ ತಗೀರಿ!" ಎಂದು ಕಿರುಚಿದೆ. ಅವನು ತಲೆಯೆತ್ತಿ, ಯಾರೋ ಪರ ಊರಿನ ಹೆಂಗಸು ಎಂದುಕೊಂಡು, ಒಂದು ಕೈ ತೆಗೆದು ಎದೆಗಿಟ್ಟು ನಮಸ್ಕಾರ ಮಾಡಿದ! ಇನ್ನೊಂದು ಕೈ ಗಾಲಿಯ ಮೇಲೇ ಇತ್ತು.

"ಎರಡೂ ತಗಿಯೋ ನಮ್ಮಪ್ಪಾ!"

ತೆಗೆದ. ಮೋಟಾರು ಒಮ್ಮೆ ಗುಂಯ್ ಎಂದಿತು, ಗಾಲಿ ಗರ್ರನೆ ತಿರುಗತೊಡಗಿತು, ತಟ್ಟನೆ ನಿಂತಿತು. ಕೋಣೆಯಲ್ಲಿ ಅವಳು ಸ್ವಿಚ್ಚಿನ ಹಿಡಿ ಕೆಳಗೆಳೆದಿದ್ದಳು.

ಅವನು ಮೇಲೆ ಬಂದ. ಅವಳು ಅವನ ಮುಖ ನೋಡಲಿಲ್ಲ. ಎರಡೂ ಕೈಗಳನ್ನು ಹಿಡಿದು, ಅಂಗೈ ಮುಂಗೈ ಹೊರಳಿಸಿ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು. "ನಿಶ್ಚಿಂತಿ ಅಂತ ಯಾವ ಬಾಯಿಲೆ ಹೇಳಿದ್ರಿ? ನಮ್ಮ ಹೊಲಾ ನೋಡೀರೇನು, ನಮ್ಮ ಪೆಟಗಿ ನೋಡೀರೇನು? ಕುಂತಲ್ಲೇ ಚಂದಂಗ ಹೇಳಿ ಬಿಟ್ರ ಆತೇನು?" ಬಾಯಿಗೆ ಬಂದಂತೆ ಬೈದಳು. ಗಂಡ ತಡೆಯಲು ಹೋದ, ಅವನಿಗೂ ಬಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಲ್ಲಿಯವರೆಗಿನ ತಿರುಗಾಟದಲ್ಲಿ ನನಗೆ ಸಿಕ್ಕಿದ ಮೊದಲ ನಿಜವಾದ ಅಭಿಪ್ರಾಯ ಅದು.

ಬೈಗುಳ ಒಮ್ಮೆಲೇ ನಿಂತಿತು. "ಈ ಪಾಠ ಮತ್ತ ಯಾರ್ಯಾರಿಗಿ ಕಲಿಸೀರಿ?" ಎಂದು ಕೇಳಿದಳು.

ಬಾವಿಯ ಕಟ್ಟೆಯ ಮೇಲೆ ಕೂತು ಒಂದೊಂದೇ ಮನೆಗೆ ಫೋನ್ ಮಾಡತೊಡಗಿದೆ. ಕಿತ್ತೂರಿನವನು ಸಂತೆಯಲ್ಲಿದ್ದ, ಬದುಕಿದೆ ಎನಿಸಿತು. ರಾಮದುರ್ಗದವನು ಹಳೆಯ ಪೆಟ್ಟಿಗೆ ಎಂದೋ ತೆಗೆಸಿದ್ದ. ಮುಂದೆ ಸವದತ್ತಿ. ಮನೆಯ ಹೆಣ್ಣುಮಗಳು ಎತ್ತಿಕೊಂಡಳು. "ಆರಾಮ ಅದೀರೇನ್ರಿ? ಆ್ಯಪ್ ಹೆಂಗ ನಡದೈತ್ರಿ?" ಎಂದೆ, ರೂಢಿ ನೋಡಿ. "ಭಾಳ ಚಲೋ ಐತ್ರಿ ಅಕ್ಕಾರ" ಎಂದಳು.

ಸಂಪಗಾಂವದಾಕೆ ಫೋನ್ ಕಸಿದುಕೊಂಡಳು. "ಏ ಯವ್ವಾ, ಚಲೋ ಇರಲಿ ಬಿಡು. ಹಳೇ ಪೆಟಗಿ ಐತೇನು? ಕೆಂಪ ಐತಂತ ನಿನ್ನ ಗಂಡ ಮೋಟಾರ್ ಮುಟ್ಟತಾನೇನು?"

ಆ ಕಡೆಯಿಂದ ಸಣ್ಣ ದನಿ: "ಮುಟ್ಟಿದ್ರಕ್ಕಾ. ಹೋದ ತಿಂಗಳ. ಎರಡ ಬೆರಳ ಹೋದವು."

ಹೋದ ವಾರವಷ್ಟೇ ನಾನು ಆ ಮನೆಯಲ್ಲಿ ಉಂಡು ಬಂದಿದ್ದೆ. ಆತ ನನ್ನೆದುರಿಗೇ ಕೂತಿದ್ದ, ಬಲಗೈಯನ್ನು ಟಾವೆಲಿನೊಳಗೆ ಇಟ್ಟುಕೊಂಡು. ನಾನು ಏನೂ ಕೇಳಿರಲಿಲ್ಲ.

ಫೋನ್ ಇಸಿದುಕೊಂಡೆ. "ನನಗ್ಯಾಕ ಹೇಳಲಿಲ್ಲವ್ವಾ?" ಎಂದೆ.

"ಅಷ್ಟ ದೂರದಿಂದ ಬಂದಿದ್ರಿ ಅಕ್ಕಾರ," ಎಂದಳು ಆಕೆ. "ಉಣ್ಣಾಕ ಕುಂತೋರ ಮುಂದ ಹೆಂಗ ಹೇಳೂದ್ರಿ?"