ಮೀನು ತೇಲಿದ ದಿನದ ನೀರು

ರತ್ನಕ್ಕ, ನನ್ನ ಮಗಳು ಸುಮಾ ಬಸುರಿಯಿದ್ದಾಗ ಮಾಡಿದ ಕುಬಸದ ದಿನ ಜನ ವಾಂತಿ ಮಾಡಿಕೊಂಡದ್ದು ನಿಮ್ಮ ಅಡುಗೆಯಿಂದಲ್ಲ. ನಾನು ಬಿಟ್ಟ ನೀರಿನಿಂದ. ಇದು ನನಗೆ ಅಂದೇ ಗೊತ್ತಿತ್ತು.

ಊರಿನ ನೀರಿನ ಘಟಕದಲ್ಲಿ ನನ್ನ ಕೆಲಸ. ಅಲ್ಲೊಂದು ಗಾಜಿನ ತೊಟ್ಟಿಯಿದೆ. ಊರಿಗೆ ಹೋಗುವ ನೀರನ್ನು ಅದರಲ್ಲೂ ಹರಿಸಿ, ಒಳಗಿನ ಮೀನುಗಳನ್ನು ಗಮನಿಸುತ್ತೇವೆ. ಮೀನು ತೇಲಿದರೆ ಮೊದಲು ವಾಲ್ವ್ ಮುಚ್ಚು, ಆಮೇಲೆ ಕಾರಣ ಹುಡುಕು — ನಮಗೆ ಕಲಿಸಿದ್ದು ಇಷ್ಟೇ. ಆ ಬೆಳಿಗ್ಗೆ ಅವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾಲ್ವಿನ ಮೇಲೆ ಕೈಯಿಟ್ಟೆ — ತಿರುಗಿಸಲಿಲ್ಲ. ಎಷ್ಟೋ ದಿನದ ಮೇಲೆ ಅಂದು ನಮ್ಮ ಓಣಿಗೆ ನೀರು ಬಿಡುವ ಪಾಳಿ. ಇಂಡಿಯಿಂದ ಬೀಗರು ಬರುವವರಿದ್ದರು, ಮನೆಯ ನೀರಿನ ಟಾಕಿ ಬರಿದಾಗಿತ್ತು. ನೀರು ಬಿಡುವವನ ಮನೆಯಲ್ಲೇ ನೀರಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆಯೇ! ಜನ ಪುಣ್ಯ ಬರಲೆಂದು ಆ ಮೀನುಗಳಿಗೆ ಚುರುಮುರಿ ಹಾಕುತ್ತಿದ್ದರು. ಅದನ್ನೇ ತಿಂದು ಸತ್ತಿರಬೇಕು ಎಂದುಕೊಂಡೆ. ಸತ್ತವನ್ನು ಹೂತು, ಹೊಸ ಮೀನು ಬಿಟ್ಟೆ. ಅವು ಈಜಿದವು. ಕೆಟ್ಟ ನೀರು ಅಷ್ಟರಲ್ಲಿ ತೊಟ್ಟಿ ದಾಟಿ ಓಣಿಯ ಕಡೆ ಹೋಗಿರುತ್ತದೆ ಎಂದು ತಿಳಿಯದಷ್ಟು ದಡ್ಡನೇ ನಾನು?

ಸಂಜೆ ಆಸ್ಪತ್ರೆಯಲ್ಲಿ ಸುಮಾ ಹೊಟ್ಟೆ ಹಿಡಿದು ಹೊರಳುತ್ತಿದ್ದಳು. ಒಳಗಿನ ಕೂಸು... ನರ್ಸ್ ಕೇಳಿದಳು:

“ಅಡಿಗಿ ಯಾರು ಮಾಡ್ಯಾರ್ರಿ?”

“ರತ್ನಕ್ಕ ಮಾಡ್ಯಾರ್ರಿ.”

ಸುಳ್ಳಲ್ಲ ನೋಡಿ. ಓಣಿಯೆಲ್ಲ ನಮ್ಮಲ್ಲೇ ಉಂಡಿತ್ತು. ಅದಕ್ಕೇ ನೀರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ನೀವು ಓಡಿ ಬಂದಿರಿ. “ಅಣ್ಣಾರ, ಅದ ಅಡಿಗಿ ನಾನೂ ಉಂಡೇನ್ರಿ, ನನಗೇನೂ ಆಗಿಲ್ಲಲ್ರಿ! ಕುಡಿಯಾಕ ಮದ್ಲ ತುಂಬಿಟ್ಟ ನೀರಷ್ಟ ನಮ್ಮನಿಯಿಂದ ತಂದಿದ್ನಿ...”

ಇನ್ನೊಂದು ಮಾತಾಡಿದರೆ ನಿಮಗೇ ಹೊಳೆದುಬಿಡುತ್ತದೆ ಎಂದು ನನಗೆ ಜೀವ ಹೋದಂತಾಯಿತು. “ಸಾಕ್ ಸುಮ್ನಿರ್ರಿ” ಎಂದು ಮುಖ ತಿರುಗಿಸಿದೆ. ಆಮೇಲೆ ಯಾರೂ ನಿಮ್ಮನ್ನು ಅಡುಗೆಗೆ ಕರೆಯಲಿಲ್ಲ.

ಕೂಸು ಉಳಿಯಿತು, ಈಗ ಶಾಲೆಗೆ ಹೋಗುತ್ತದೆ. ಅದು ನೀರಿನ ಲೋಟ ಬಾಯಿಗಿಡುವ ಮೊದಲು ನಾನೇ ಒಂದು ಗುಟುಕು ಕುಡಿದು ನೋಡುತ್ತೇನೆ. ಇಂದಿಗೂ ಆ ತೊಟ್ಟಿಯ ಕಡೆ ನೋಡಲು ಹೆದರಿಕೆ. ಒಂದು ಮೀನು ಮಂಕಾಗಿ ಕಂಡರೂ ವಾಲ್ವ್ ಮುಚ್ಚುತ್ತೇನೆ, ಜನ ಬೈಯುತ್ತಾರೆ. ಬೈಯಲಿ. ಅದರಿಂದ ನಿಮಗೆ ಬಂದದ್ದಾದರೂ ಏನು?

ನಾಳೆ ನಮ್ಮ ಓಣಿಯ ಪಾಳಿ. ಕೊಡ ಹಿಡಿದು ಎಲ್ಲರೂ ನಳದ ಮುಂದೆ ಸೇರಿರುತ್ತಾರೆ, ತವರಿಗೆ ಬಂದಿರುವ ಸುಮಾ ಕೂಡ. ಅವರೆಲ್ಲರ ಎದುರು ನಾನೇ ಇದನ್ನೆಲ್ಲ ಹೇಳಿ, ಆಮೇಲೆ ನಿಮ್ಮ ಮನೆಗೆ ಬರುತ್ತೇನೆ. ಬಂದವರಿಗೆ ಮೊದಲು ನೀರು ಕೊಡುವ ರೂಢಿ ನಮ್ಮದು. ನನಗೆ ಕೊಡಬೇಡಿ, ರತ್ನಕ್ಕ.